ಬಾಗಿಲಾಚೆ ನಿಂತ ಮೇಸ್ತ್ರಿ

ಎರ್ಮೀನಿಯಾ ಬರ್ರಗಾನ್ ಕೂತಲ್ಲಿ ಕೂರುವ ಹೆಂಗಸಲ್ಲ. ಅಲಿಸೋ ನಗರಸಭೆಗೆ ಅವಳು ಆರಿಸಿ ಬಂದಾಗ ಊರಿಗೆ ಇದ್ದ ಅನುಮಾನ ಒಂದೇ, ಈಕೆ ಸಭೆ ಮುಗಿಯುವ ತನಕ ಕುರ್ಚಿಯಲ್ಲಿ ಹೇಗಿರುತ್ತಾಳೆ ಎಂದು. ಇದ್ದಳು, ಆದರೆ ಮೇಜಿನ ಕೆಳಗೆ ಅವಳ ಕಾಲು ಕುಣಿಯುತ್ತಲೇ ಇರುತ್ತಿತ್ತು, ಪಕ್ಕದವರ ನೀರಿನ ಲೋಟ ಅಲುಗಾಡುತ್ತಿತ್ತು. ಪೀಚ್ ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದವಳು ಅವಳು. ಓಡುವ ಬೆಲ್ಟಿನ ಪಕ್ಕದಲ್ಲಿ ಆಯುಸ್ಸು ಪೂರ್ತಿ ನಡೆದವಳ ಕಾಲಿಗೆ ನಿಲ್ಲು ಅಂದರೆ ನಿಲ್ಲುತ್ತದೆಯೇ?

ಕಾರ್ಖಾನೆ ಮುಚ್ಚಿದ ದಿನ ಹೆಂಗಸರೆಲ್ಲ ಏಪ್ರನ್ ಮಡಚಿ ಕೈಯಲ್ಲಿ ಹಿಡಿದುಕೊಂಡು ಗೇಟಿನ ಹತ್ತಿರ ನಿಂತಿದ್ದರು. ಯಾರಿಗೂ ಮನೆಗೆ ಹೋಗಲು ಮನಸ್ಸಿಲ್ಲ. ಆಗ ಅವರಲ್ಲೊಬ್ಬಳಾದ ಚೋಲೆ ಮೂಗು ಒರೆಸಿಕೊಳ್ಳುತ್ತ ಕೇಳಿದಳು, "ಮುಂದಿನ ಶಿಫ್ಟ್ ಎಷ್ಟು ಗಂಟೆಗೆ ಮೇಸ್ತ್ರಿ?"

"ನಾನು ಹೇಳ್ತೀನಿ," ಅಂದಳು ಎರ್ಮೀನಿಯಾ. "ಯಾರೂ ಮನೆ ಮಾರ್ಬೇಡಿ. ಇದು ಮತ್ತೆ ತೆಗೆಯುತ್ತೆ. ನಾನು ಹೇಳ್ತೀನಿ."

ಅಳುವವರ ಮುಂದೆ ಬಾಯಿಗೆ ಬಂದ ಮಾತು ಅದು. ಆದರೆ ಕಾರ್ಖಾನೆಯ ಪಕ್ಕದ ಅವಳ ಬೀದಿಯ ಹೆಂಗಸರು ಅದನ್ನು ಗಂಟು ಕಟ್ಟಿಕೊಂಡರು. ಬೇರೆ ಬೀದಿಯವರು ಕೆಲಸ ಇರುವ ಊರಿಗೆ ಹೊರಟುಹೋದರು, ಇವರು ಉಳಿದರು. ಅಂದಿನಿಂದ ಹದಿನೆಂಟು ವರ್ಷ ಚೋಲೆ ಅವಳನ್ನು ಕಂಡಲ್ಲೆಲ್ಲ, ಚರ್ಚಿನ ಮೆಟ್ಟಿಲಾಗಲಿ ಸತ್ತವರ ಮನೆಯಾಗಲಿ, ಅದೇ ಪ್ರಶ್ನೆ ಕೇಳುತ್ತಿದ್ದಳು. "ಶಿಫ್ಟ್ ಎಷ್ಟು ಗಂಟೆಗೆ ಮೇಸ್ತ್ರಿ?" ಮೊದಮೊದಲು ಅದು ತಮಾಷೆಯಾಗಿತ್ತು. ಬರಬರುತ್ತ ಎರ್ಮೀನಿಯಾಗೆ ಅದು ಊಟ ಮಾಡುವಾಗಲೂ ಚುಚ್ಚತೊಡಗಿತು. ಚೋಲೆ ಪರಕೀಯಳಾಗಿದ್ದರೆ ಜಗಳ ಆಡಬಹುದಿತ್ತು. ಚೋಲೆಯ ಮಗ ಕೂಕೋನ ಜ್ಞಾನಸ್ನಾನದ ದಿನ ಅವನನ್ನು ಎತ್ತಿಕೊಂಡು ನಿಂತ ಜ್ಞಾನತಾಯಿ ಎರ್ಮೀನಿಯಾಳೇ. ಹಾಗಾಗಿ ಇಬ್ಬರೂ ಒಬ್ಬರಿಗೊಬ್ಬರು 'ಕೊಮಾದ್ರೆ'. ನಮ್ಮಲ್ಲಿ ಆ ನಂಟು ಒಡಹುಟ್ಟಿಗಿಂತ ಗಟ್ಟಿ.

ಅವಳು ಚುನಾವಣೆಗೆ ನಿಂತದ್ದು ಆ ಪ್ರಶ್ನೆಯ ಕಾಟಕ್ಕೆ, ಬೇರೆ ಯಾವ ದೇಶಸೇವೆಗೂ ಅಲ್ಲ. ಗೆದ್ದವಳು ನಗರಸಭೆಯನ್ನೂ ಬೆಲ್ಟಿನಂತೆಯೇ ಓಡಿಸಲು ಹೊರಟಳು. ಸಭೆಯಲ್ಲಿ ಮಾತಾಡಲು ಬರುವ ಜನರಿಗೆ ತಲಾ ಮೂರು ನಿಮಿಷ, ಆಮೇಲೆ ಕೆಂಪು ದೀಪ, ಮೈಕು ಬಂದ್. ಇದು ಅವಳು ತಂದ ನಿಯಮ, ತಂದದ್ದು ವರ್ಜಿಲ್ ಹಾಬ್ಸ್ ಎಂಬ ಮುದುಕನೊಬ್ಬನಿಗಾಗಿ. ಪ್ಯಾಂಟು ಜಾರದಂತೆ ಹೆಗಲ ಮೇಲಿಂದ ಪಟ್ಟಿ ಹಾಕಿಕೊಂಡು ಪ್ರತಿ ಸಭೆಗೂ ಬಂದು ಚರಂಡಿ, ಹೆಗ್ಗಣ, ಬೀದಿದೀಪ ಎಂದು ಕೊರೆಯುತ್ತಿದ್ದ ಅವನು, ಕೆಂಪು ದೀಪ ಬಂದ ಮೇಲೆ ಪಕ್ಕದವರ ನಿಮಿಷಗಳನ್ನು ಕಡ ತರಲು ಶುರುಮಾಡಿದ. ಒಬ್ಬರ ಸಮಯವನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ ಎಂದು ಎರ್ಮೀನಿಯಾ ಎರಡನೇ ನಿಯಮವನ್ನೂ ಮಾಡಿಸಿದಳು.

"ನಿಮಗೂ ಒಂದಿನ ಮಾತು ಉಳಿಯುತ್ತೆ ಮೇಡಮ್," ಅಂದಿದ್ದ ವರ್ಜಿಲ್.

"ಉಳಿದ್ರೆ ಮನೆಗೆ ಹೋಗಿ ಬೆಕ್ಕಿಗೆ ಹೇಳ್ತೀನಿ," ಅಂದಿದ್ದಳು ಅವಳು.

ಕೊನೆಗೂ ಕಾರ್ಖಾನೆಯನ್ನು ಕೇಳಿಕೊಂಡು ಒಂದು ಕಂಪನಿ ಬಂತು. ಕಟ್ಟಡದೊಳಗೆ ದೀಪ ಹಾಕಿ ಸರ್ಕಾರದ ಪರವಾನಗಿಯಲ್ಲೇ ಗಾಂಜಾ ಬೆಳೆಯುತ್ತಾರಂತೆ, ಹಿಂದಿನ ಪಾಳು ಜಾಗದಲ್ಲಿ ಮನೆ ಕಟ್ಟಿಸುತ್ತಾರಂತೆ, ಗಿಡ ಬಿಡಿಸಿ ಒಪ್ಪ ಮಾಡುವ ಕೆಲಸ ಮೊದಲು ಆ ಬೀದಿಯವರಿಗೇ ಅಂತೆ. ಎರ್ಮೀನಿಯಾಗೆ ಗಾಂಜಾದ ಮೇಲೆ ಪ್ರೀತಿಯೇನೂ ಇರಲಿಲ್ಲ. ಆದರೆ ಇಷ್ಟು ವರ್ಷದಲ್ಲಿ ಆ ಗೇಟು ತಟ್ಟಿದವರು ಇವರೊಬ್ಬರೇ. ಇದು ತಪ್ಪಿದರೆ ತನ್ನ ಮಾತು ತನ್ನ ಜೊತೆಗೇ ಮಣ್ಣಿಗೆ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಮೊದಲ ಪೆಟ್ಟು ಕೊಟ್ಟದ್ದು ನಗರಸಭೆಯ ವಕೀಲ. ಅವಳ ಮನೆ ಕಾರ್ಖಾನೆಯಿಂದ ಐನೂರು ಅಡಿಯೊಳಗೆ ಇದೆ, ಜಾಗದ ಬೆಲೆ ಏರಿದರೆ ಅವಳಿಗೂ ಲಾಭ, ಆದ್ದರಿಂದ ಅವಳು ಮತ ಹಾಕುವಂತಿಲ್ಲ, ಆ ವಿಷಯ ಬಂದಾಗ ಎದ್ದು ಹೊರಗೆ ಹೋಗಬೇಕು.

"ಇದೊಂದಕ್ಕೇ ಸ್ವಾಮಿ ನಾನು ಚುನಾವಣೆಗೆ ನಿಂತಿದ್ದು."

"ಇದೊಂದಕ್ಕೇ ಮೇಡಮ್ ನೀವು ಎದ್ದು ಹೋಗ್ಬೇಕಾಗಿರೋದು. ಬೇಕಾದ್ರೆ ಊರಿನವರ ಹಾಗೆ ಮೈಕಿನ ಮುಂದೆ ನಿಂತು ಮೂರು ನಿಮಿಷ ಮಾತಾಡಿ."

ಎರಡನೇ ಪೆಟ್ಟು ಚೋಲೆಯದು. ಚರ್ಚಿನ ಮಹಿಳಾ ಸಂಘದ ಮುಖ್ಯಸ್ಥೆ ಅವಳು; ಊರಿಗೆ ಗಾಂಜಾ ಬೇಡವೆಂದು ಸಂಘದವರೆಲ್ಲ ಪಟ್ಟು ಹಿಡಿದಿದ್ದರು. ಉಳಿದ ನಾಲ್ವರು ಸದಸ್ಯರಲ್ಲಿ ಇಬ್ಬರು ಕಂಪನಿಯ ಪರ, ಒಬ್ಬ ವಿರುದ್ಧ. ನಾಲ್ಕನೆಯವನು ಕ್ಷೌರದಂಗಡಿಯ ಕೂಕೋ, ಚೋಲೆಯ ಮಗ. ವಿರುದ್ಧವೇ ಕೈ ಎತ್ತುತ್ತೇನೆಂದು ತಾಯಿಗೆ ಮಾತು ಕೊಟ್ಟಿದ್ದ. ಸಮ ಬಿದ್ದರೆ ಅರ್ಜಿ ಬಿದ್ದಂತೆ.

ಆ ವಾರ ಎರ್ಮೀನಿಯಾ ಮನೆಯಲ್ಲಿ ನಿಂತಲ್ಲಿ ನಿಲ್ಲಲಿಲ್ಲ. ಒಲೆ ಉಜ್ಜಿದಳು, ಉಜ್ಜಿದ ಒಲೆಯನ್ನೇ ಮತ್ತೆ ಉಜ್ಜಿದಳು. ಕಾರ್ಖಾನೆಯ ಬೇಲಿ ತನಕ ಹೋಗುವಳು, ಬರುವಳು. ನಡೆದು ನಡೆದು ಮೊಣಕಾಲು ಬಿಗಿದಾಗ ಸಿಂಕಿನ ಕೆಳಗೆ ಕೈ ಹಾಕಿ ಶೀಶೆ ತೆಗೆದಳು. ಸ್ಪಿರಿಟ್ಟಿನಲ್ಲಿ ಗಾಂಜಾ ಎಲೆ ನೆನೆಹಾಕಿದ ಆ ಹಸಿರು ನೀರು ನಮ್ಮಲ್ಲಿ ಇಲ್ಲದ ಮನೆ ಇಲ್ಲ. ಅಜ್ಜಿಯ ಕಾಲದಿಂದ ಬಂದದ್ದು, ಕೀಲು ನೋವಿಗೆ ಹಚ್ಚುವುದು. ಅದರ ಹೆಸರನ್ನು ಯಾರೂ ಎತ್ತುವುದಿಲ್ಲ, 'ಕಾಲಿನ ನೀರು' ಅಂದರೆ ಮುಗಿಯಿತು. ಬೀದಿಗೆಲ್ಲ ಅದನ್ನು ಮಾಡಿ ಹಂಚುವವಳು ಚೋಲೆ. ಸಭೆಯಲ್ಲಿ ಇದನ್ನೇ ಹೇಳಿಬಿಡಲೇ ಎಂದು ಎರ್ಮೀನಿಯಾಗೆ ಅನಿಸಿತು. ಆಮೇಲೆ ಸಂಘದವರ ಎದುರು ಚೋಲೆಯ ಮುಖ ನೆನಪಾಗಿ, ಛೇ, ಬೇಡ ಅಂದುಕೊಂಡಳು.

ಸಭೆಯ ಸಂಜೆ ಕೋಣೆ ಕಿಕ್ಕಿರಿದಿತ್ತು. ಸಂಘದವರು ಮುಂದಿನ ಸಾಲಿನಲ್ಲಿ, ಮಧ್ಯದಲ್ಲಿ ಚೋಲೆ, ಕೋಲು ಹಿಡಿದು. ಎರ್ಮೀನಿಯಾ ಎದ್ದು, ನಿಯಮದಂತೆ ಕಾರಣ ಹೇಳಿ, ಮೆಟ್ಟಿಲಿಳಿದು ಮೈಕಿನ ಮುಂದೆ ಬಂದಳು. ಸದಾ ಮೇಲಿನಿಂದ ನೋಡಿದ ಕೋಣೆ ಕೆಳಗಿನಿಂದ ಬೇರೆಯೇ ಆಗಿ ಕಂಡು ಅವಳಿಗೆ ದಿಗಿಲಾಯಿತು. ಏನೋ ಹೇಳಹೋಗಿ ಏನೋ ಹೇಳಿದಳು. ಪೀಚಿನ ಕಾಲ, ಬೆಲ್ಟು, ಮುಚ್ಚಿದ ಗೇಟು. ಸಮಯ ಹರಿದುಹೋಯಿತು. ಎದುರಿನ ಸಾಲಿನಲ್ಲಿ ಮುಖಗಳೆಲ್ಲ ಬಿಗಿದುಕೊಂಡೇ ಇದ್ದವು.

"ಗಾಂಜಾ ಅಂದ್ರೆ ನಾಚಿಕೆ ಅಂತೀರಿ," ಅಂದಳು ಕೊನೆಗೆ. "ನಮ್ಮ ಪ್ರತಿ ಮನೆಯ ಸಿಂಕಿನ ಕೆಳಗೂ..."

ಕೆಂಪು ದೀಪ ಹತ್ತಿತು. ಮೈಕು ಸತ್ತಿತು. ವಕೀಲ ಬಾಗಿಲು ತೋರಿಸಿದ. ತನ್ನದೇ ನಿಯಮ, ಯಾರನ್ನು ಬೈಯುವುದು? ಅವಳು ಹೊರಟಳು.

ಮುಂದಿನ ಹೆಸರು ವರ್ಜಿಲ್ ಹಾಬ್ಸ್. ಹೆಗಲ ಪಟ್ಟಿ ಎಳೆದುಕೊಳ್ಳುತ್ತ ಮೈಕು ಹಿಡಿದ ಅವನು ಬಾಗಿಲ ಕಡೆ ತಿರುಗಿದ.

"ಸಿಂಕಿನ ಕೆಳಗೆ ಏನಿದೆ ಮೇಡಮ್?"

"ಸಮಯ ಕೊಡೋ ಹಾಗಿಲ್ಲ," ಅಂದ ವಕೀಲ.

"ಯಾರು ಕೊಟ್ರು? ನನ್ನ ಸಮಯ ನನ್ನ ಹತ್ರಾನೇ ಇದೆ. ನಾನು ಪ್ರಶ್ನೆ ಕೇಳ್ತಿದೀನಿ. ಆಯಮ್ಮ ಬಾಗಿಲಾಚೆ ನಿಂತಿದಾರೆ, ಕೋಣೇಲಿ ಇಲ್ಲ. ನಂಗಂತೂ ಈ ಗಾಂಜಾ ಬೇಡ, ಆದ್ರೆ ಅರ್ಧ ಮಾತು ಕೇಳಿಸ್ಕೊಂಡು ನಾನು ಮನೆಗೆ ಹೋಗಲ್ಲ."

ಎರ್ಮೀನಿಯಾ ಹೊಸ್ತಿಲಾಚೆ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದಳು. ಚೋಲೆ ತಿರುಗಿ ಅವಳನ್ನೇ ನೋಡುತ್ತಿದ್ದಳು. ಬೇಡ ಕಣೆ ಎಂದು ಆ ಕಣ್ಣು ಹೇಳುತ್ತಿತ್ತು. ಹದಿನೆಂಟು ವರ್ಷ ಹೊತ್ತ ಮಾತು ಒಂದು ಕಡೆ, ಕೊಮಾದ್ರೆ ಇನ್ನೊಂದು ಕಡೆ.

"ಒಂದು ಶೀಶೆ ಇದೆ," ಅಂದಳು.

"ಒಂದು ಶೀಶೆ ಇದೆಯಂತೆ," ಅಂದ ವರ್ಜಿಲ್ ಮೈಕಿನಲ್ಲಿ.

"ಗಾಂಜಾ ಎಲೆ ನೆನೆಹಾಕಿದ್ದು. ಆ ಕಾರ್ಖಾನೆಯ ಸಿಮೆಂಟಿನ ಮೇಲೆ ನಿಂತು ನಿಂತು ಹೋದ ಮೊಣಕಾಲಿಗೆ ಹಚ್ಚೋದು. ನನ್ನ ಮನೇಲೂ ಇದೆ."

ಅವನು ಒಂದೊಂದೇ ಮಾತನ್ನು ಮೈಕಿಗೆ ದಾಟಿಸಿದ. 'ನನ್ನ ಮನೇಲೂ' ಅಂದಾಗ ಹಿಂದಿನ ಸಾಲಿನವರು ನಕ್ಕರು. ಮುಂದಿನ ಸಾಲು ನಗಲಿಲ್ಲ, ಎಲ್ಲರೂ ಮಡಿಲು ನೋಡಿಕೊಂಡರು. ಎರ್ಮೀನಿಯಾ ಯಾರ ಹೆಸರನ್ನೂ ಹೇಳಲಿಲ್ಲ. ಆದರೆ ವೇದಿಕೆಯ ಮೇಲೆ ಕೂಕೋ ತಾಯಿಯನ್ನು ನೋಡಿದ. ಚಿಕ್ಕಂದಿನಿಂದ ಅವಳ ಕಾಲಿಗೆ ಆ ನೀರು ತಿಕ್ಕಿದ ಕೈ ಅವನದು.

"ನನ್ನನ್ನೇನು ನೋಡ್ತೀಯೋ ಪಾಪಿ," ಅಂದಳು ಚೋಲೆ, ಮೈಕಿಲ್ಲದೆಯೇ ಕೋಣೆಗೆಲ್ಲ ಕೇಳುವಂತೆ. "ಸುಳ್ಳಲ್ಲ ಅದು. ನಿಂಗೆ ತೋಚಿದ್ದು ಮಾಡು."

ಬಾಗಿಲು ಮುಚ್ಚಿತು. ಎರ್ಮೀನಿಯಾ ಪಡಸಾಲೆಯಲ್ಲಿ ಆ ತುದಿಯಿಂದ ಈ ತುದಿಗೆ ನಡೆದಳು, ನೀರಿನ ನಲ್ಲಿಯ ಹತ್ತಿರ ನಿಂತು ಕುಡಿಯದೆ ಮತ್ತೆ ನಡೆದಳು. ಬಾಗಿಲಿನ ಗಾಜಿನೊಳಗೆ ಬಾಯಿಗಳು ಆಡುತ್ತಿದ್ದವು, ಮಾತು ಕೇಳಿಸುತ್ತಿರಲಿಲ್ಲ. ಆಮೇಲೆ ಕಂಪನಿಯ ಪರ ಕೈಗಳು ಎದ್ದವು. ಎರಡು. ಸ್ವಲ್ಪ ತಡೆದು, ಕತ್ತರಿ ಹಿಡಿಯುವ ಕೂಕೋನ ಕೈಯೂ ಎದ್ದಿತು.

ಸಭೆ ಮುಗಿದ ಮೇಲೆ ಹೊರಗಿನ ಮೆಟ್ಟಿಲ ಮೇಲೆ ಚೋಲೆ ಒಬ್ಬಳೇ ನಿಂತಿದ್ದಳು. ಸಂಘದವರು ಅವಳನ್ನು ಬಿಟ್ಟು ಮುಂದೆ ಹೋಗಿದ್ದರು. ಎರ್ಮೀನಿಯಾ ಹೋಗಿ ಮೊಣಕೈ ಕೊಟ್ಟಳು. ಚೋಲೆ ಹಿಡಿದುಕೊಂಡಳು. ಇಬ್ಬರೂ ಒಂದೊಂದೇ ಮೆಟ್ಟಿಲು ಇಳಿದರು, ಪ್ರತಿ ಮೆಟ್ಟಿಲಿಗೂ ಚೋಲೆ ಹಲ್ಲು ಕಚ್ಚಿದಳು. ಆ ಕಾಲು ಇನ್ನು ಯಾವ ಕೆಲಸಕ್ಕೂ ನಿಲ್ಲುವಂಥದ್ದಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಎರ್ಮೀನಿಯಾ ಆ ಹಳೆಯ ಪ್ರಶ್ನೆಗಾಗಿ ಕಾದಳು. ಇವತ್ತಾದರೂ ಕೇಳಲಿ ಎಂದು ಕಾದಳು. ಚೋಲೆ ಕೇಳಲಿಲ್ಲ.

ಕೊನೆಯ ಮೆಟ್ಟಿಲಲ್ಲಿ ಎರ್ಮೀನಿಯಾ ತಡೆಯಲಾರದೆ ಹೇಳಿದಳು, "ಬೆಳಗ್ಗೆ ಆರಕ್ಕೆ ಕೊಮಾದ್ರೆ. ಆರಕ್ಕೆ ಶಿಫ್ಟು."

ಚೋಲೆ ನಿಂತಳು. ಕಾರ್ಖಾನೆಯ ದಿಕ್ಕಿಗೆ ನೋಡಿದಳು.

"ಎಷ್ಟು ತಡವಾಗಿ ಹೇಳ್ತೀಯೇ ಮಾರಾಯ್ತಿ," ಅಂದಳು, ಹಿಡಿದ ಮೊಣಕೈ ಬಿಡಲಿಲ್ಲ.