ಅಕ್ಕನ ಶಾಲೆ ಮೊದಲು, ತಂಗಿಯ ಶಾಲೆ ಕೊನೆ

ತಂಗಿಗೆ ಹುಟ್ಟಿನಿಂದಲೇ ಹೆದರಿಕೆ ಜಾಸ್ತಿ. ಬಾಗಿಲಿಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋದವಳು, ಹಾಕಿದೆನೋ ಇಲ್ಲವೋ ಎಂದು ಮರಳಿ ಬಂದು ಜಗ್ಗಿ ನೋಡುವಳು. ಅಕ್ಕ ಹಾಗಲ್ಲ, ಎದೆಗಾರ್ತಿ. ನಾಯಿಗಳಿದ್ದ ಗಲ್ಲಿಯಲ್ಲಿ ತಂಗಿಯ ಕೈಹಿಡಿದು ಶಾಲೆಗೆ ಕರೆದೊಯ್ಯುತ್ತಿದ್ದವಳು ಅವಳು. 'ಪುಕ್ಕಲಿ' ಎಂದು ಹೆಸರಿಟ್ಟವಳೂ ಅವಳೇ. ಮುಂದೆ ಇಬ್ಬರೂ ಟೀಚರಾದರು, ಒಂದೇ ಪಟ್ಟಣದ ಎರಡು ಸರ್ಕಾರಿ ಶಾಲೆಗಳಿಗೆ ಮುಖ್ಯೋಪಾಧ್ಯಾಯಿನಿಯರೂ ಆದರು. ಅಕ್ಕನದು ರೈಲು ಹಳಿಯ ಮೇಲ್ಬದಿಯ ಶಾಲೆ. ತಂಗಿಯದು ಕೆಳಬದಿಯ ಗೋದಾಮುಗಳ ಹಿಂದೆ, ಗೋಡೆಗೆ ಸದಾ ಸಿಮೆಂಟಿನ ಧೂಳು ಮೆತ್ತಿಕೊಂಡಿರುವ ಶಾಲೆ.

ಶಿಕ್ಷಣ ಕಚೇರಿಯವರು ವರ್ಷಕ್ಕೊಮ್ಮೆ ಪಟ್ಟಣದ ಸರ್ಕಾರಿ ಶಾಲೆಗಳನ್ನೆಲ್ಲ ಫಲಿತಾಂಶದ ತಕ್ಕಡಿಯಲ್ಲಿಟ್ಟು ತೂಗಿ, ಮೊದಲು ಕೊನೆ ಎಂದು ಸಾಲಾಗಿ ನಿಲ್ಲಿಸುತ್ತಿದ್ದರು. ಆ ವರ್ಷ ಅಕ್ಕನ ಶಾಲೆ ಮೊದಲು, ತಂಗಿಯದು ಕೊನೆ. ಹಿಂದಿನ ವರ್ಷವೂ ಹಾಗೇ ಆಗಿತ್ತು. ಎರಡು ವರ್ಷ ಕೊನೆಗೆ ಬಿದ್ದ ಶಾಲೆಯನ್ನು ಮುಚ್ಚಿ, ಮಕ್ಕಳನ್ನು ಹತ್ತಿರದ ಇನ್ನೊಂದು ಶಾಲೆಗೆ ಸೇರಿಸಬಹುದು ಎಂಬುದು ಹೊಸ ನಿಯಮ. ಮುಂದಿನ ವಾರದ ಸಭೆಗೆ ಬಂದು ಕಾರಣ ಹೇಳಿ ಎಂದು ಕಚೇರಿಯಿಂದ ಫೋನ್ ಬಂತು.

ಅಂದಿನಿಂದ ತಂಗಿ ಕೂತಲ್ಲಿ ಕೂರಲಾರಳು. ಅವಳು ಸ್ಟಾಫ್ ರೂಮಿಗೆ ಕಾಲಿಟ್ಟರೆ ಮಾತು ಗಪ್ಪನೆ ನಿಲ್ಲುತ್ತಿತ್ತು. ವಿಜ್ಞಾನದ ಮೇಷ್ಟ್ರು ಆಗಲೇ ವರ್ಗಾವಣೆಗೆ ಅರ್ಜಿ ಹಾಕಿದ್ದರು. ಮನೆಯಲ್ಲಿ ಗಡಿಯಾರ ರಿಪೇರಿಯ ಗಂಡ ಕಣ್ಣಿನ ಭೂತಗನ್ನಡಿ ತೆಗೆಯದೆಯೇ ಹೇಳಿದ, "ಹೀಗೇ ಅತ್ತಿಂದಿತ್ತ ಓಡಾಡ್ತಿರು. ಶಾಲೆ ಮುಚ್ಚೋಕೆ ಮುಂಚೆ ನಮ್ಮನೆ ನೆಲ ಸವೆದುಹೋಗುತ್ತೆ."

ಅವಳಿಗೆ ನಗು ಬರಲಿಲ್ಲ.

ಮಾರನೆಯ ದಿನ ಇಸ್ತ್ರಿ ಅಂಗಡಿಯ ಹೆಂಗಸೊಬ್ಬಳು ಶಾಲೆಗೆ ಬಂದಳು. ಅವಳ ಮಗಳು ಪರೀಕ್ಷೆಗೆ ಎರಡು ತಿಂಗಳಿರುವಾಗ ಬಂದು ಸೇರಿ, ಫೇಲಾದವಳು.

"ಮೇಡಂ, ಶಾಲೆ ಮುಚ್ತಾರಂತೆ. ನನ್ನ ಮಗಳನ್ನ ಇನ್ನೆಲ್ಲಿಗೆ ಅಟ್ತೀರಿ? ಒಂದು ಸಲ ಅಟ್ಟಿಸಿಕೊಂಡು ಬಂದಿದ್ದಾಯ್ತು."

"ಅಟ್ಟಿಸಿಕೊಂಡಾ? ನೀವು ಮನೆ ಬದಲಾಯಿಸಿದ್ರಿ ಅಲ್ವಾ?"

"ಯಾವ ಮನೆ? ಹುಟ್ಟಿದಾಗಿಂದ ಅದೇ ಸೂರು. ಮೇಲಿನ ಶಾಲೆ ದೊಡ್ಡ ಮೇಡಂ ಕರೆಸಿ, 'ಇವಳು ಇಲ್ಲಿ ಪಾಸಾಗಲ್ಲ, ಕೆಳಗಿನ ಶಾಲೇಲಿ ಚೆನ್ನಾಗಿ ನೋಡ್ಕೋತಾರೆ, ಅಲ್ಲಿಗೆ ಸೇರಿಸಿ' ಅಂದ್ರು. ನನಗೊಬ್ಬಳಿಗೇ ಅಲ್ಲ."

ತಂಗಿ ವರ್ಷದ ನಡುವೆ ಬಂದ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಕೇಳಿದಳು. ಗೋದಾಮಿನ ಕೂಲಿಯವರು ಮನೆ ಬದಲಿಸುತ್ತಲೇ ಇರುತ್ತಾರೆಂದು ಅವಳು ಯಾರನ್ನೂ ಹೆಚ್ಚು ವಿಚಾರಿಸಿರಲಿಲ್ಲ. ಈಗ ನೋಡಿದರೆ ಅವರಲ್ಲಿ ಹೆಚ್ಚಿನವರು ರೈಲು ಹಳಿಯ ಆಚೆಯಿಂದ, ಅಕ್ಕನ ಶಾಲೆಯಿಂದಲೇ ಬಂದವರು.

ಸಂಜೆ ಅಕ್ಕನ ಮನೆಗೆ ಹೋದಳು. ಅಕ್ಕ ಬಟ್ಟೆ ಮಡಚುತ್ತಿದ್ದಳು. ಬರುವಾಗ ದಾರಿಯುದ್ದಕ್ಕೂ ಕಟ್ಟಿಕೊಂಡ ಮಾತೆಲ್ಲ ಬಾಯಿಗೆ ಬರುವಷ್ಟರಲ್ಲಿ ಒಂದೇ ವಾಕ್ಯವಾಯಿತು.

"ಯಾಕಕ್ಕಾ ಹಾಗೆ ಮಾಡ್ದೆ?"

ಅಕ್ಕ ಏನು ಎತ್ತ ಎಂದು ಕೇಳಲಿಲ್ಲ. "ನಿನ್ನ ಹತ್ರ ಇದ್ರೆ ಆ ಮಕ್ಕಳಿಗೇ ಒಳ್ಳೇದು ಅನ್ನಿಸ್ತು. ನನಗೆ ಅಷ್ಟು ತಾಳ್ಮೆ ಇಲ್ಲ."

"ಪರೀಕ್ಷೆಗೆ ಎರಡು ತಿಂಗಳಿರುವಾಗ ಅನ್ನಿಸ್ತಾ?"

ಅಕ್ಕ ಕೈಯಲ್ಲಿದ್ದ ಟವೆಲ್ಲನ್ನು ಬಿಚ್ಚಿ ಮತ್ತೆ ಮಡಚಿದಳು. "ಮೊದಲನೇ ಜಾಗದಲ್ಲಿ ನಿಂತು ನೋಡು, ಗೊತ್ತಾಗುತ್ತೆ. ಕೊನೇಲಿರೋರಿಗೆ ಇನ್ನು ಬೀಳೋ ಭಯ ಇಲ್ಲ. ನನಗೆ ಪ್ರತಿ ವರ್ಷ ಇದೆ. ಸಭೇಲಿ ಹೇಳ್ತೀಯಾ?"

"ಗೊತ್ತಿಲ್ಲ," ಎಂದಳು ತಂಗಿ. ಅದು ನಿಜವೇ ಆಗಿತ್ತು. ಹೇಳಿದರೆ ಒಡಹುಟ್ಟಿದವಳ ಮಾನ ಹೋಗುತ್ತದೆ, ಹೇಳದಿದ್ದರೆ ಶಾಲೆ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ.

ಸಭೆಯ ದಿನ ಉದ್ದದ ಮೇಜಿನ ಸುತ್ತ ಎಲ್ಲ ಶಾಲೆಗಳ ಮುಖ್ಯಸ್ಥರೂ ಕೂತಿದ್ದರು. ಅಕ್ಕ ಎದುರಿಗೇ ಇದ್ದಳು. ಅಧಿಕಾರಿ ಕಾರಣ ಕೇಳಿದಾಗ ತಂಗಿ ಎದ್ದು ನಿಂತಳು.

"ಸಾರ್, ವರ್ಷವೆಲ್ಲ ಒಂದು ಶಾಲೇಲಿ ಓದಿ, ಕೊನೇ ಎರಡು ತಿಂಗಳು ಇನ್ನೊಂದು ಶಾಲೇಲಿ ಕೂತ ಮಗು ಫೇಲಾದ್ರೆ ಅದು ಯಾರ ಲೆಕ್ಕ?"

"ಅಂಥ ಮಕ್ಕಳಿದ್ದಾರಾ? ಯಾವ ಶಾಲೆಯಿಂದ ಬಂದವರು?"

ಅಕ್ಕ ಕಿಟಕಿಯ ಕಡೆ ತಿರುಗಿದಳು. ತಂಗಿ ಅವಳನ್ನೊಮ್ಮೆ ನೋಡಿ ಹೇಳಿದಳು, "ಹೆಸರು ನನ್ನ ಬಾಯಲ್ಲಿ ಬೇಡ ಸಾರ್. ಮಗು ಹೆಚ್ಚು ದಿನ ಎಲ್ಲಿ ಓದ್ತೋ ಆ ಶಾಲೆಗೇ ಲೆಕ್ಕ ಹಾಕಿ. ಎಲ್ಲರಿಗೂ ಅದೇ ನಿಯಮ ಮಾಡಿ."

ಅಧಿಕಾರಿ ಒಪ್ಪಿ, ಆ ವರ್ಷದ ಫಲಿತಾಂಶವನ್ನೇ ಹಾಗೆ ಮತ್ತೆ ಲೆಕ್ಕ ಹಾಕಲು ಹೇಳಿದರು. ಹಾವೂ ಸಾಯದೆ ಕೋಲೂ ಮುರಿಯದೆ ಆಯಿತೆಂದು ಅವಳು ಅಂದುಕೊಂಡಳು. ಆದರೆ ಹೊಸ ಲೆಕ್ಕ ಬಂದಾಗ ಹೆಸರು ಹೇಳುವ ಅಗತ್ಯ ಯಾರಿಗೂ ಉಳಿಯಲಿಲ್ಲ. ಅಕ್ಕನ ಶಾಲೆ ನಾಲ್ಕನೆಯದಕ್ಕೆ ಇಳಿಯಿತು. ತಂಗಿಯದು ಕೊನೆಯಿಂದ ಮೂರನೆಯದಕ್ಕೆ ಏರಿ, ಮುಚ್ಚುವ ಮಾತು ಆ ಮಟ್ಟಿಗೆ ನಿಂತಿತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಟೀ ಕುಡಿದರು. ತಂಗಿಯ ಟೀ ಮೇಜಿನ ಮೇಲೆಯೇ ಆರಿತು. ಅಕ್ಕ ಮಾತು ಬಿಟ್ಟಿದ್ದಳು.

ತಿಂಗಳುಗಟ್ಟಲೆ ಹಾಗೇ ಕಳೆಯಿತು. ಅಮ್ಮನ ಕಣ್ಣಿನ ಪೊರೆ ತೆಗೆಸುವ ದಿನ ಇಬ್ಬರೂ ಆಸ್ಪತ್ರೆಗೆ ಬರಲೇಬೇಕಾಯಿತು. ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕೂತರು. ಆಮೇಲೆ ಅಕ್ಕ ಗೋಡೆ ನೋಡುತ್ತಲೇ ಅಂದಳು,

"ಈ ಸಲ ಯಾರನ್ನೂ ಕಳಿಸಿಲ್ಲ. ಸಂಜೆ ಕೂರಿಸಿಕೊಂಡು ಹೇಳಿಕೊಡ್ತಿದ್ದೀನಿ. ಒಂದು ಹುಡುಗಿಗೆ ಇನ್ನೂ ಕೂಡೋದೇ ಬರಲ್ಲ. ಎಲ್ಲಿಗೆ ಹೋಗಿ ಬೀಳ್ತೀವೋ, ನಿದ್ದೇನೇ ಬರಲ್ಲ ಕಣೇ."

ತಂಗಿ ಸ್ವಲ್ಪ ಹತ್ತಿರ ಸರಿದಳು. "ನನಗೂ ಬರಲ್ಲ. ಇಸ್ತ್ರಿಯವಳ ಮಗಳು ಮತ್ತೆ ಅದೇ ಕ್ಲಾಸಲ್ಲಿ ಕೂತಿದ್ದಾಳೆ. ಒಂದು ದಿನ ಎಲ್ಲ ಬರುತ್ತೆ, ಮಾರನೇ ದಿನ ಎಲ್ಲ ಮರೀತಾಳೆ."

"ಮತ್ತೆ ಏನು ಮಾಡ್ತೀಯ?"

"ಮಾರನೇ ದಿನ ಮತ್ತೆ ಹೇಳಿಕೊಡ್ತೀನಿ. ಇನ್ನೇನು ಮಾಡಲಿ?"

ಪರೀಕ್ಷೆಗೆ ಇನ್ನು ಒಂದೇ ವಾರವಿತ್ತು. ಇಬ್ಬರೂ ಉಗುರು ಕಚ್ಚುತ್ತಾ ಕೂತಿರುವಾಗ ನರ್ಸು ಅಮ್ಮನನ್ನು ಹೊರಗೆ ನಡೆಸಿಕೊಂಡು ಬಂದಳು. ಒಂದು ಕಣ್ಣಿಗೆ ಪಟ್ಟಿ ಕಟ್ಟಿದ್ದ ಅಮ್ಮ ಇನ್ನೊಂದು ಕಣ್ಣಲ್ಲಿ ಇಬ್ಬರನ್ನೂ ನೋಡಿದಳು.

"ಯಾಕ್ರೇ ಹೀಗೆ ಮುಖ ಒಣಗಿಸಿಕೊಂಡು ಕೂತಿದ್ದೀರಿ? ಆಪರೇಷನ್ ಆಗಿರೋದು ನನಗೆ."