ಹೊಗೆ ನರ್ಸಮ್ಮನ ಮಗಳು

ಶಾಲೆಯ ಮಕ್ಕಳು ಅವಳಿಗಿಟ್ಟ ಹೆಸರು ಹೊಗೆ ನರ್ಸಮ್ಮ. ಸಿಗರೇಟಿನ ಕೇಡು ತಿಳಿಸಲೆಂದು ಆಸ್ಪತ್ರೆಯವರು ಅವಳನ್ನು ಶಾಲೆಯಿಂದ ಶಾಲೆಗೆ ಅಟ್ಟುತ್ತಿದ್ದರು. ಹೊರಡುವ ಮುಂಚೆ ಅಡುಗೆ, ಪಾತ್ರೆ, ಬಟ್ಟೆ ಮುಗಿಯಬೇಕು. ಗಂಡನ ಬೂದಿ ಬಟ್ಟಲನ್ನೂ ಅವಳೇ ತಿಕ್ಕಬೇಕು. ಅವಳ ಮಾತು ಕೇಳಲು ಶಾಲೆಯವರು ಸಭೆಗೆ ಕರೆಸುತ್ತಿದ್ದುದು ತಾಯಂದಿರನ್ನು ಮಾತ್ರ.

"ಒಗೆಯೋ ಮುಂಚೆ ಮಕ್ಕಳ ಅಂಗಿ ಮೂಸಿ ನೋಡಿ. ವಾಸನೆ ಸುಳ್ಳು ಹೇಳಲ್ಲ," ಎಂದು ಅವಳೇ ಕಲಿಸಿದ್ದಳು. ಒಗೆಯುವವರು ತಾಯಂದಿರೇ ಎಂಬುದರಲ್ಲಿ ಅವಳಿಗೂ ಅನುಮಾನವಿರಲಿಲ್ಲ.

ಮಗಳ ಶಾಲೆಯ ಹೆಡ್ಮಾಸ್ತರರಿಗೆ ಈ ಉಪಾಯ ಹಿಡಿಸಿತು. ಗೇಟಿನಲ್ಲೇ ಮಕ್ಕಳ ಕಾಲರ್ ಮೂಸತೊಡಗಿದರು. ಮೊದಲು ಸಿಕ್ಕಿಬಿದ್ದವಳು ನರ್ಸಮ್ಮನ ಮಗಳು.

"ದೀಪದ ಬುಡದಲ್ಲೇ ಕತ್ತಲೆ," ಎಂದು ಅವರು ನರ್ಸಮ್ಮನನ್ನು ಕರೆಸಿ ನಕ್ಕರು. "ತಪ್ಪಾಯ್ತು ಅಂತ ಎಲ್ಲರೆದುರು ಹೇಳಲಿ. ಇಲ್ಲಾಂದ್ರೆ ಪರೀಕ್ಷೆಗೆ ಕೂರಿಸಲ್ಲ."

"ನಾನು ಮುಟ್ಟೇ ಇಲ್ಲಮ್ಮ," ಎಂದಳು ಮಗಳು. ಕಣ್ಣೀರಿಲ್ಲ, ಬರೀ ಸಿಟ್ಟು. "ನನ್ನ ಅಂಗಿ ಒಣಗೋ ಹಗ್ಗದ ಕೆಳಗೇ ಅಪ್ಪ ಕೂತು ಸೇದ್ತಾರೆ. ನಿಂಗೆ ವಾಸನೆ ಬರಲ್ವಾ?"

ಬರುತ್ತಿರಲಿಲ್ಲ. ಒಂದೇ ಕೋಣೆಯ ಮನೆಯಲ್ಲಿ ಅದೇ ಹೊಗೆ ಕುಡಿದು ಬದುಕಿ ಬದುಕಿ ಅವಳ ಮೂಗು ಯಾವಾಗಲೋ ಸೋತುಹೋಗಿತ್ತು.

ಸಂಜೆ ಗಂಡನಿಗೆ ಹೇಳಿದಳು. ಅವನು ಕಡ್ಡಿ ಗೀರಿದ. "ಊರಿಗೆಲ್ಲ ಬುದ್ಧಿ ಹೇಳೋಳು ಮಗಳನ್ನ ನೆಟ್ಟಗೆ ಬೆಳೆಸಬಾರದಿತ್ತಾ? ತಪ್ಪಾಯ್ತು ಅಂದ್ರೆ ಬಾಯೇನು ಸವೆಯುತ್ತಾ?"

"ಹಾಗಾದ್ರೆ ನೀವೇ ಬಂದು ಹೇಳಿ. ಸೇದೋದು ನೀವು."

"ನಂಗೆ ಕೆಲಸ ಇದೆ."

"ನಾನು ನೊಣ ಹೊಡೀತಾ ಕೂತಿದೀನಾ?"

ಅವನು ಹೊಗೆ ಬಿಟ್ಟ. ಹಗ್ಗದ ಮೇಲಿನ ಅಂಗಿ ಅಲುಗಿತು.

ಮರುದಿನ ಅದೇ ಶಾಲೆಯಲ್ಲಿ ಅವಳದೇ ಸಭೆ. ಬೆಂಚುಗಳ ಮೇಲೆ ತಾಯಂದಿರು, ಕೆಲವರ ಕೈ ಇನ್ನೂ ಒದ್ದೆ. ನರ್ಸಮ್ಮ ಶ್ವಾಸಕೋಶದ ಚಿತ್ರ ಬಿಚ್ಚಲೇ ಇಲ್ಲ.

"ಎದ್ದು ಮನೆಗೆ ಹೋಗಿ ಅಕ್ಕಂದಿರೇ. ಸೇದೋರನ್ನ ಕಳಿಸಿ. ನನ್ನ ಮಗಳು ಸೇದಿಲ್ಲ, ಅವಳಪ್ಪ ಸೇದಿದಾರೆ. ಮೂಸೋ ಪಾಠ ಹೇಳಿ ನಾನೂ ನಿಮ್ಮ ತಲೆ ಮೇಲೆ ಇನ್ನೊಂದು ಚಾಕರಿ ಹೇರಿದೆ."

"ಗಂಡಸರಿಗೆ ಪುರುಸೊತ್ತು ಎಲ್ಲಿರುತ್ತಮ್ಮ?" ಎಂದರು ಹೆಡ್ಮಾಸ್ತರರು.

"ನಾವೇನು ಹೊತ್ತು ಹೋಗದೆ ಬಂದಿದೀವಾ ಸಾರ್?" ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ನಗು ಎದ್ದಿತು. ಆದರೆ ಯಾರೂ ಏಳಲಿಲ್ಲ. ಅವರೆಲ್ಲ ಹೆಡ್ಮಾಸ್ತರರನ್ನೇ ನೋಡುತ್ತ ಕೂತರು.

ಹೆಡ್ಮಾಸ್ತರರು ನರ್ಸಮ್ಮನತ್ತ ಬಗ್ಗಿ ದನಿ ತಗ್ಗಿಸಿದರು. "ಆಯ್ತು, ಹುಡುಗಿ ಪರೀಕ್ಷೆ ಬರೀಲಿ ಬಿಡಿ."

"ಬರೀತಾಳೆ. ತಪ್ಪು ಅವಳದಲ್ಲ ಅಂತಲೂ ಎಲ್ಲರೆದುರು ಹೇಳಿ."

ಹೆಡ್ಮಾಸ್ತರರು ಗೋಡೆ ನೋಡುತ್ತ ಏನೋ ಗೊಣಗಿದರು.

"ಕೇಳಿಸ್ಲಿಲ್ಲ ಸಾರ್," ಎಂದಳು ಬಾಗಿಲಲ್ಲಿ ನಿಂತಿದ್ದ ಮಗಳು.