ಅಮ್ಮಗ ಕೊಟ್ಟ ಕೈ

ನಿಂಗಕ್ಕ ನಮ್ಮ ಎದುರುಮನಿಯಾಕಿ. ಕೆಟ್ಟಾಕಿ ಅಲ್ಲ ಅಂತ ಮೊದಲಾ ಹೇಳಿಬಿಡ್ತೀನಿ. ಬೈಯೋದಿದ್ರ ನಾನಾ ಭಾಳ ಬೈದೀನಿ, ನೀವು ಮತ್ತ ಬೈಯಬ್ಯಾಡ್ರಿ.

ತಾಯಿ ಸತ್ತಾಗ ತಂಗಿ ಕೊಟ್ರಮ್ಮ ಇನ್ನೂ ಅಂಬೆಗಾಲಿಡ್ತಿದ್ಲು. ಬಗಲಾಗ ಎತ್ಕೊಂಡು ಸಾಕಿ, ಮದುವಿ ಮಾಡಿ, ಎರಡು ಮನಿ ಆಚೆನಾ ಇಟ್ಕೊಂಡಾಕಿ ನಿಂಗಕ್ಕ. ಸಂಡೂರಿನ ಅದಿರು ಲಾರಿ ಹೊಸಪೇಟಿ ತುಂಬ ಧೂಳೆಬ್ಬಿಸಿ ಓಡೋ ಕಾಲದಾಗ ಕೊಟ್ರಮ್ಮ ಮೈನ್ಸಿಗೆ ಕೂಲಿ ಹೊಂಟ್ಲು. ಅಲ್ಲಿ ಲಾರಿ ಹಿಂದಿನ ಬಾಗಿಲು ಬಿದ್ದು ಬಲಗೈ ಬೆರಳು ಜಜ್ಜಿಹೋದ್ವು. ಗಾಯ ಮಾಯ್ತು, ಬೆರಳು ಮಡಚಿಕೊಂಡ್ವು. ದಿನಾ ಬಿಸಿನೀರಾಗ ಇಟ್ಟು ಎಳದು ಬಿಡಿಸ್ರಿ, ಬಿಟ್ರ ಹಂಗಾ ಕೂಡ್ತಾವ ಅಂದ್ರು ಡಾಕ್ಟರ್. ಅಳಕೋತನಾ ಎಳಕೊಂತಿದ್ಲು ಪಾಪ. ಮತ್ತ ಅಂಗೈ ಬಿಚ್ಚಿ ರೊಟ್ಟಿ ಬಡೀಬೇಕು, ಅದೊಂದಾ ಆಕಿ ಆಸಿ.

ಆ ವರ್ಷ ನಮ್ಮ ಕಡ್ಡಿರಾಂಪುರದ ಒಂದು ಹೋಮ್‌ಸ್ಟೇದಾಗ ಕಲಾವಿದರು ಬಂದು ಇಳಕೊಂಡ್ರು. ಬ್ಯಾಸಿಗಿ ತನಕ ಇಲ್ಲೇ ಇದ್ದು ಕೆಲಸ ಮಾಡಿ, ಕಡೀಕ ‘ಮೈ ಮತ್ತು ನೆನಪು’ ಅಂತ ಪ್ರದರ್ಶನ ಇಡಾವ್ರು. ಅಡಗಿಗೆ ನಿಂಗಕ್ಕ. ಅವ್ರಾಗ ಪೂಜಿತಾ ಅಂತ ಒಬ್ಬ ಹುಡುಗಿ ಕೂಲಿಯವ್ರ ಕೈಗೆ ಬಿಳಿ ಪ್ಲಾಸ್ಟರ್ ಮೆತ್ತಿ ಅಚ್ಚು ತಗೀತಿದ್ಲು. ನಿಂಗಕ್ಕನ ಬಾಯಿ ಸುಮ್ನಿರತೈತಾ? ತಂಗಿ ಕೈ ಸುದ್ದಿ ಹೇಳಿದ್ಲು. ಆ ಹುಡುಗಿ ಅದಾ ಬೇಕಂತ ಬೆನ್ನು ಬಿತ್ತು.

ಕೊಟ್ರಮ್ಮ ಒಲ್ಲೆ ಅಂದ್ಲು. “ನನ್ನ ಡೊಂಕ ಕೈ ಮಂದಿಗ್ಯಾಕ ತೋರಿಸ್ಲಿ?”

ಒಲಿ ಮ್ಯಾಲ ಬ್ಯಾಳಿ, ಹೊರಗ ಪೂಜಿತಾ ಕಾಯಾಕತ್ಯಾಳ. ನಿಂಗಕ್ಕ ಅಂದುಬಿಟ್ಲು: “ಏ ಹುಚ್ಚಿ, ಹರಕಿ ಕೈ ಇದ್ದಂಗ ಅದು. ಕೊಡು, ಅಮ್ಮ ನೋಡ್ಕೊಂತಾಳ.”

ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ನಮ್ಮ ಕಡೆ ಕಾಲು ಬ್ಯಾನಿಗೆ ಬೆಳ್ಳಿ ಕಾಲು, ಕಣ್ಣು ಬ್ಯಾನಿಗೆ ಬೆಳ್ಳಿ ಕಣ್ಣು ಮಾಡಿಸಿ ಊರದೇವಿ ಅಮ್ಮನ ಗುಡಿಗೆ ಒಪ್ಪಿಸ್ತೀವಿ. ಕೊಟ್ರಮ್ಮ ಅದನ್ನ ಖರೇ ಅಂತ ತಿಳಕೊಂಡು ಅಚ್ಚಿಗೆ ಕೈ ಕೊಟ್ಲು. ಅಮ್ಮಗ ಒಪ್ಪಿಸಿದ ಮ್ಯಾಲ ತಾನು ಎಳದಾಡಿದ್ರ ನಂಬಿಕಿ ಇಲ್ಲ ಅಂದಂಗ ಆಕ್ಕೈತಿ ಅಂತ ಬೆರಳು ಮುಟ್ಟೋದಾ ಬಿಟ್ಲು. ಯಾರಿಗೂ ಹೇಳಲಿಲ್ಲ. ತಂಗಿ ಅಳು ನಿಂತಿದ್ದು ನೋಡಿ ಗುಣ ಆಗಾಕತ್ತೈತಿ ಅಂತ ನಿಂಗಕ್ಕ ಹಿಗ್ಗಿದ್ದಾ ಹಿಗ್ಗಿದ್ದು.

ಪ್ರದರ್ಶನದ ದಿನ ಕೊಟ್ರಮ್ಮ ತಲಿಗೆ ಎರಕೊಂಡು, ಕಾಯಿ ಕುಂಕುಮ ಹಿಡಕೊಂಡು ಬಂದ್ಲು. ನಾನೂ ಹೋಗಿದ್ದೆ. ಕೋಣಿ ತುಂಬ ದಾರಕ್ಕ ಕಟ್ಟಿದ ಬಿಳಿ ಕೈಗಳು. ತನ್ನದು ಹುಡುಕಿ ನಿಂತಾಕಿ ಮುಖ ಸಣ್ಣದು ಮಾಡಿದ್ಲು.

“ಅಕ್ಕ, ಡೊಂಕ ಇದ್ದಂಗಾ ಮಾಡ್ಯಾರಲ್ಲ. ಹರಕಿ ಕೈ ನೆಟ್ಟಗಿರಬೇಕು. ಡೊಂಕ ಕೊಟ್ರ ಅಮ್ಮ ಡೊಂಕನಾ ಕೊಡ್ತಾಳ.”

ಪೂಜಿತಾಗ ಏನೂ ತಿಳೀಲಿಲ್ಲ. “ಆ ಬೆರಳು ಬಾಗಿರೋದೇ ಚೆನ್ನಾಗಿದೆ ಅಮ್ಮಾ,” ಅಂದ್ಲು.

ನಿಂಗಕ್ಕಗ ಅವಾಗ ತಾನಾಡಿದ ಮಾತು ನೆನಪಾತು. ತಂಗಿ ಕೈ ಹಿಡದು ಬೆರಳು ಬಿಡಿಸಾಕ ಹೋದ್ಲು. ಬಿಚ್ಚಲಿಲ್ಲ. ಡಾಕ್ಟರ್ ಹೇಳಿದಂಗಾ ಕುಂತುಬಿಟ್ಟಿದ್ವು.

“ಏ ಕೊಟ್ರಿ, ಆ ಕೈ ಯಾವ ಅಮ್ಮಗೂ ಕೊಟ್ಟಿಲ್ಲ,” ಅಂದ್ಲು. “ಸುಮ್ನ ಅಂದಿದ್ದೆ ನಾ.”

ಕೊಟ್ರಮ್ಮ ಕಾಯಿ ಹಿಡಕೊಂಡಾ ಮನಿಗೆ ಹೋದ್ಲು.

ಈಗ ದಿನಾ ನಿಂಗಕ್ಕ ತಂಗಿ ಮನಿಗೆ ಹೋಗಿ ರೊಟ್ಟಿ ಬಡದು ಬರ್ತಾಳ. ಮೊನ್ನೆ ನನ್ನ ಮುಂದನಾ ಹಿಟ್ಟಿನ ಕೈಲೇ ತಂಗಿ ಕಾಲು ಹಿಡದು ಅತ್ಲು. “ಬೈಯ್ ಕೊಟ್ರಿ. ದೇವ್ರ ಹೆಸರಿಲೆ ಸುಳ್ಳು ಹೇಳಿದೆ. ಒಮ್ಮೆರ ಬೈಯ್.”

ಕೊಟ್ರಮ್ಮ ಎಡಗೈಲೆ ಅಕ್ಕನ್ನ ಎಬ್ಬಿಸಿದ್ಲು.

“ಬೆರಳು ಎಳಕೊಳ್ಳೋದು ಬಿಟ್ಟಿದ್ದು ಅಮ್ಮನ್ನ ನಂಬಿ ಅಲ್ಲಕ್ಕ,” ಅಂದ್ಲು. “ನೀ ಹೇಳಿದಿ ಅಂತ ಬಿಟ್ಟೆ.”